ಹೋರಿಯ ದಾರಿಯಲ್ಲಿ ಎರಡು ಕ್ಯಾಮೆರಾ

ದೈತ್ಯ ಪರದೆಗೆ ತ್ರೀಡಿ ಚಿತ್ರ ಮಾಡುವ ಒಬ್ಬ ನಿರ್ದೇಶಕರ ಬಳಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ಅವರ ಕ್ಯಾಮೆರಾ ಎಂದರೆ ಒಂದಲ್ಲ, ಎರಡು, ಎಡಗಣ್ಣಿಗೊಂದು, ಬಲಗಣ್ಣಿಗೊಂದು. ಎರಡನ್ನೂ ಒಂದೇ ಚೌಕಟ್ಟಿಗೆ ಬಿಗಿದು, ನಡುವಿನ ಅಂತರವನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುವುದು ನನ್ನ ಕೆಲಸ. ಅಂತರ ತಪ್ಪಿದರೆ ನೋಡುವವರಿಗೆ ತಲೆನೋವು. ಸರಿಯಿದ್ದರೆ ಪರದೆ ಮರೆತುಹೋಗಿ, ಮರದ ಹಿಂದೆ ಎಷ್ಟು ಬಯಲಿದೆ ಎಂಬುದೂ ಕಾಣುತ್ತದೆ. ಅಂಥ ಸಾಧನವನ್ನು ಇಟ್ಟುಕೊಂಡು ಆ ಮನುಷ್ಯ ತಮ್ಮ ವೃತ್ತಿಯುದ್ದಕ್ಕೂ ಮಾಡಿದ್ದು ಒಂದೇ: ಪ್ರೇಕ್ಷಕರ ಮುಖದ ಮೇಲೆ ಏನಾದರೊಂದನ್ನು ಎಸೆಯುವುದು. ಜಲಪಾತದ ಚಿತ್ರದಲ್ಲಿ ನೀರೆರಚಿದರು. ಕಾಡಿನ ಚಿತ್ರದಲ್ಲಿ ಆನೆಯ ಸೊಂಡಿಲು ಚಾಚಿಸಿದರು. ಜನ ಕಿರುಚಿ ತಲೆ ತಗ್ಗಿಸಿದರೆ ಅದನ್ನು ಕಲೆ ಎನ್ನುತ್ತಿದ್ದರು.

ನಮ್ಮ ಕಡೆಯ ಹಳ್ಳಿಗಳ ಚಿತ್ರ ಮಾಡಲು ಹೊರಟಾಗ, ನಾನು ಸವಣೂರಿನವನಾದ್ದರಿಂದ ದಾರಿ ತೋರಿಸುವ ಕೆಲಸವೂ ನನಗೇ ಬಂತು. ಆಡೂರಿನ ಶಾಸನದ ಹತ್ತಿರ ಅವರು ಕಾರಿನಿಂದ ಪೂರ್ತಿ ಇಳಿಯಲೂ ಇಲ್ಲ. "ಕಲ್ಲು ಮುಂದಕ್ಕೆ ಬರಲ್ಲಪ್ಪಾ," ಎಂದು ಬಾಗಿಲು ಹಾಕಿಕೊಂಡರು. ಶಿಗ್ಗಾಂವಿ ಬಳಿ ಜೋಳ ಕೇರುತ್ತಿದ್ದ ಅಜ್ಜಿಯೊಬ್ಬಳಿಗೆ ಮೊರದ ಕಾಳನ್ನು ಕ್ಯಾಮೆರಾದತ್ತ ಚಿಮ್ಮಿಸಲು ಹೇಳಿದರು. ಮತ್ತೆ ಹೇಳಿದರು, ಮತ್ತೂ ಹೇಳಿದರು. ಅಜ್ಜಿ ಮೊರ ಕೆಳಗಿಟ್ಟಳು.

"ಎಪ್ಪಾ, ಕೋಳಿಗೆ ಹಾಕಿದ್ರ ತತ್ತಿಯರ ಇಡ್ತಾವು. ನಿನ್ನ ಪೆಟ್ಟಿಗಿ ಏನ ಇಡ್ತೈತಿ?"

ಅವರಿಗೆ ಅರ್ಥವಾಗಲಿಲ್ಲ. ಅರ್ಥ ಹೇಳುವ ಗೋಜಿಗೆ ನಾನು ಹೋಗಲಿಲ್ಲ.

ಅವರ ಕಣ್ಣಿದ್ದದ್ದು ಹೋರಿ ಹಬ್ಬದ ಮೇಲೆ. ದೀಪಾವಳಿ ಕಳೆದ ಮೇಲೆ ನಮ್ಮಲ್ಲಿ, ಕೊರಳಿಗೆ ಒಣಕೊಬ್ಬರಿಯ ಹಾರ ಕಟ್ಟಿದ ಹೋರಿಗಳನ್ನು ಒಂದೊಂದಾಗಿ ಓಡಲು ಬಿಡುತ್ತಾರೆ. ದಾರಿಯ ಎರಡೂ ಬದಿ ಕಂಬ ನೆಟ್ಟಿರುತ್ತಾರೆ, ಜನ ಕಿಕ್ಕಿರಿದಿರುತ್ತಾರೆ. ಹುಡುಗರು ಮೈಮೇಲೆ ಬಿದ್ದು ಹಾರ ಹರಿಯಲು ನೋಡುತ್ತಾರೆ. ಹಾರ ಉಳಿಸಿಕೊಂಡು ಕೊನೆಯ ಕಂಬ ದಾಟಿದ ಹೋರಿಗೆ ಹೆಸರು. ಅದರ ಎದುರಿಗೆ ಮಾತ್ರ ಯಾರೂ ನಿಲ್ಲುವುದಿಲ್ಲ.

ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಲ್ಲಿ ಒಬ್ಬ ಅಕ್ಕ ಇದ್ದಳು. ಕರುವಾಗಿದ್ದಾಗಿನಿಂದ ಅವಳೇ ಸಾಕಿದ ಹೋರಿಯ ಕೊಬ್ಬರಿಗೆ ಅದುವರೆಗೆ ಯಾರ ಕೈಯೂ ತಾಕಿರಲಿಲ್ಲ. ಚಿತ್ರೀಕರಣಕ್ಕೆ ಒಪ್ಪುವಾಗ ಅವಳು ನಿರ್ದೇಶಕರಿಗೆ ಹೇಳಿದ್ದು ಇಷ್ಟೇ: "ಬಾಜೂಕ ನಿಂತು ಏನರ ಮಾಡ್ಕೊರ್ರಿ ಸಾಹೇಬ್ರ. ಮುಂದ ನಿಂದ್ರಬ್ಯಾಡ್ರಿ."

"ಖಂಡಿತ ಅಮ್ಮಾ. ನಾವೂ ಸಂಸ್ಕೃತಿ ಗೊತ್ತಿರೋರೇ," ಎಂದು ಅವರು ಕೈಮುಗಿದರು.

ಇನ್ನು ಮುಂದಿನದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಅಂದಿನ ಹಬ್ಬ ಹಾನಗಲ್ಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಕೊನೆಯ ಕಂಬದ ಆಚೆ, ಬಲಬದಿಗೆ ನಮಗೆ ಜಾಗ ಕೊಟ್ಟಿದ್ದರು. ಮೈಕಿನಲ್ಲಿ ಅಕ್ಕನ ಹೋರಿಯ ಹೆಸರು ಕೂಗಿದಾಗ ಜನರೆಲ್ಲ ಹೋರಿ ಬಿಡುವ ತುದಿಗೆ ಕತ್ತು ತಿರುಗಿಸಿದರು. ಅದೇ ಹೊತ್ತಿಗೆ ನಿರ್ದೇಶಕರು ಗಾಲಿಯ ಮೇಲಿದ್ದ ಕ್ಯಾಮೆರಾಗಳನ್ನು ದಾರಿಯ ನಟ್ಟನಡುವೆ, ಕೊನೆಯ ಕಂಬಕ್ಕಿಂತ ಒಳಗೆ ತಳ್ಳಿಸಿದರು.

"ಸರ್, ಇದು ಹೋರಿ ಹೋಗೋ ದಾರಿ," ಎಂದೆ.

"ಪಕ್ಕದಿಂದ ತೆಗೆದ್ರೆ ಬರೀ ಹೋರಿ ಕಣಯ್ಯ. ಎದುರಿಂದ ತೆಗೆದ್ರೆ ಸಿನಿಮಾ."

ಹಾಗೆಂದವರು ತಾವು ಎದುರಿಗೆ ನಿಲ್ಲಲಿಲ್ಲ. ಟ್ರ್ಯಾಕ್ಟರಿನ ಮರೆಗೆ ಹೋಗಿ ಮಾನಿಟರ್ ಮುಂದೆ ಕುಳಿತರು. ಹೋರಿ ಹತ್ತಿರವಾದಂತೆ ಅಂತರ ಸರಿಸಬೇಕಾದವನು ನಾನು. ಕ್ಯಾಮೆರಾದ ಬುಡದಲ್ಲಿ ಮೊಣಕಾಲೂರಿದ್ದೆ. ಹೋರಿಯನ್ನು ಬಿಟ್ಟೇಬಿಟ್ಟರು. ಮೊದಲು ಧೂಳು, ಆಮೇಲೆ ಕೊಂಬು, ಆಮೇಲೆ ಮುಖ. ಅದು ನನ್ನನ್ನು ಕಂಡಿತು. ಮುಂಗಾಲುಗಳನ್ನು ಊರಿ, ನೆಲ ಗೀರಿಕೊಂಡು ಬಂದು, ನನ್ನಿಂದ ಒಂದು ಮೊಳ ದೂರದಲ್ಲಿ ನಿಂತಿತು. ಅದರ ಉಸಿರು ನನ್ನ ಹಣೆಗೆ ತಾಗಿತು. ಮರುಗಳಿಗೆಯಲ್ಲಿ ಹಿಂದಿನಿಂದ ಬಂದ ಹುಡುಗರು ಅದರ ಮೇಲೆ ಬಿದ್ದರು. ಹಾರ ಹರಿಯಿತು. ಆ ನೂಕಾಟ, ಧೂಳಿನಲ್ಲಿ ಕ್ಯಾಮೆರಾ ದಾರಿಯ ಬದಿಗೆ ಉರುಳಿತು, ನಾನೂ ಉರುಳಿದೆ.

"ಫೋಟೊ ತೆಗಸ್ಕೊಳ್ಳಾಕ ನಿಂತತ್ಲೇ!" ಎಂದು ಯಾರೋ ಕೂಗಿದರು. ನಗು ಆ ತುದಿಯವರೆಗೂ ಹಬ್ಬಿತು.

ನಿರ್ದೇಶಕರು ಓಡಿಬಂದರು. ನನ್ನನ್ನು ದಾಟಿಕೊಂಡು ಹೋಗಿ ಕ್ಯಾಮೆರಾದ ಮೈ ಸವರಿದರು. "ಎರಡೂ ಕಣ್ಣಿಗೆ ಸಿಕ್ತಾ?" ಎಂದು ಕೇಳಿದರು.

ಅಷ್ಟರಲ್ಲಿ ಅಕ್ಕ ಬಂದಳು. "ಮುಂದ ಯಾಕ ನಿಂತ್ರಿ?"

"ನಾವು ಪಕ್ಕದಲ್ಲೇ ಇದ್ವಲ್ಲಮ್ಮಾ. ನಿಮ್ಮ ಹೋರಿ ಬೆದರಿತು," ಎಂದು ಅವರು ಉರುಳಿಬಿದ್ದ ಕ್ಯಾಮೆರಾದ ಕಡೆ ಕೈತೋರಿಸಿದರು. "ಸುಳ್ಳರೀ, ನಡಬರಕ ಇದ್ವಿ," ಎಂದು ನಾನು ಹೇಳಿದೆ. ಮೈಕಿನ ಗದ್ದಲದಲ್ಲಿ ಅದು ಅಕ್ಕನೊಬ್ಬಳಿಗೆ ಕೇಳಿಸಿತು. ಅಂದೇ ನಾನು ಆ ಕೆಲಸ ಬಿಟ್ಟೆ.

ಚಿತ್ರ ತೆರೆಕಂಡಿತು. ಹೋರಿ ಪರದೆಯಿಂದ ಹೊರಬಂದು ಕುರ್ಚಿಗಳ ಮೇಲೇ ಹಾಯುತ್ತದೆ, ಪಾಪ್‌ಕಾರ್ನ್ ಚೆಲ್ಲುತ್ತದೆ. ಅದು ನಿಲ್ಲುವ ಮುಂಚೆಯೇ ಕತ್ತರಿ ಬಿದ್ದಿದೆ. ಜೀವ ಒತ್ತೆಯಿಟ್ಟು ಆ ದೃಶ್ಯ ತೆಗೆದೆವೆಂದು ನಿರ್ದೇಶಕರು ವೇದಿಕೆಯಲ್ಲಿ ಹೇಳುತ್ತಾರೆ. ಯಾರ ಜೀವ ಎಂದು ಹೇಳುವುದಿಲ್ಲ.

ಅಕ್ಕನ ಊರಲ್ಲಿ ಅವಳ ಹೋರಿಗೆ 'ಫೋಟೊ ಹೋರಿ' ಎಂಬ ಹೆಸರು ಬಿದ್ದಿತ್ತು. ಅಕ್ಕ ಫೋನ್ ಮಾಡಿದಳು. "ನೀವು ಅಡ್ಡ ನಿಂತದ್ದು ಸಿನಿಮಾದಾಗ ಕಾಣ್ತೈತೇನ ತಮ್ಮಾ?"

"ಇಲ್ರೆಕ್ಕಾ. ಕ್ಯಾಮೆರಾಕ್ಕ ತನ್ನ ಮಾರಿ ತನಗ ಕಾಣೂದಿಲ್ಲ."

"ಹಂಗಾರ ನೀನ ಬಂದು ಹೇಳು."

ಹೋದೆ. ಚಿಕ್ಕೇರೂರಿನ ಚಹಾದಂಗಡಿಯಲ್ಲಿ, ಅಂದು ಹಾರ ಹರಿದಿದ್ದ ಅದೇ ಊರಿನ ಹುಡುಗರೂ ಕುಳಿತಿದ್ದಾಗ, ಖಾಲಿ ಗ್ಲಾಸುಗಳನ್ನು ಎರಡು ಸಾಲಾಗಿ ಇಟ್ಟೆ. ಇದು ದಾರಿ, ಇದು ಕೊನೆಯ ಕಂಬ, ಇಲ್ಲಿ ನಾನು ಎಂದು ತೋರಿಸಿದೆ. ಹೋರಿ ಬೆದರಿ ನಿಂತದ್ದಲ್ಲ, ದಾರಿಯಲ್ಲಿ ಮನುಷ್ಯನಿದ್ದ ಎಂದೆ.

ಒಬ್ಬ ಹುಡುಗ ಗಂಭೀರವಾಗಿ ಕೇಳಿಸಿಕೊಂಡ. "ಖರೇ ಇರಬೇಕ ಬಿಡ್ರಿ ಸರ. ಆದ್ರ ಹೆಸರಿನ ಹೋರಿ ಆಗಿದ್ರ ನಿಮ್ಮನ್ನ ತುಳಕೊಂಡ ಹೋಗಬೇಕಿತ್ತಲ್ರೀ?"

ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಬಂದಳು.

"ಲೇ, ತುಳದಿದ್ರ ನಿನಗ ಇದನ್ನ ಹೇಳಾಕ ಇಂವ ಬರ್ತಿದ್ದನೇನಲೇ?"

ನಗು ನಿಂತಿತು. ಹಿರಿಯರೊಬ್ಬರು ಸರಿದು ಬೆಂಚಿನ ಮೇಲೆ ಅವಳಿಗೆ ಜಾಗ ಮಾಡಿದರು. ಅಂಗಡಿಯವನತ್ತ ತಿರುಗಿ, ತಮಾಷೆಗಲ್ಲ, ಪೂರ್ತಿ ಮರ್ಯಾದೆಯಿಂದಲೇ ಹೇಳಿದರು: "ಫೋಟೊ ಹೋರಿ ಅಕ್ಕಾರಿಗೊಂದು ಚಾ ಕೊಡಪಾ."

ಆ ಹೆಸರು ಕೇಳಿದ ಅಕ್ಕ ಕೂರಲಿಲ್ಲ. ಚಹಾ ತಣ್ಣಗಾಗುವವರೆಗೂ ನಿಂತೇ ಇದ್ದಳು.