ಬಿದಿರ ತಟ್ಟಿ ದಾಟಿದ ಗಾಳಿ

ಮೇಡಂ ಸೆರಗಿಗೆ ಯಾವಾಗಲೂ ಒಂದೆರಡು ಕೆಂಪು ಉಣ್ಣೆ ದಾರದ ತುಣುಕು ಅಂಟಿಕೊಂಡಿರುತ್ತಿದ್ದವು. ಲ್ಯಾಬಿನ ಗಾಳಿ ಸುರಂಗದಲ್ಲಿ ಟರ್ಬೈನ್ ಅಲಗನ್ನು ನಿಲ್ಲಿಸಿ, ಅದರ ಮೈಮೇಲೆ ಆ ತುಣುಕುಗಳನ್ನು ಸಾಲಾಗಿ ಅಂಟಿಸಿ ಗಾಳಿ ಬಿಡುತ್ತಿದ್ದರು. ದಾರ ಒರಗಿ ಮಲಗಿದ್ದರೆ ಗಾಳಿ ಅಲಗಿಗೆ ಅಂಟಿ ಹರಿಯುತ್ತಿದೆ. ಎದ್ದು ಒದ್ದಾಡಿದರೆ ಗಾಳಿ ಅಲಗನ್ನು ಬಿಟ್ಟಿದೆ, ಅಲ್ಲಿ ಶಕ್ತಿ ಪೋಲು.

ಅವರು ನನ್ನ ಸಂಶೋಧನೆಯ ಗೈಡ್. ಕೂತದ್ದನ್ನು ನಾನು ಕಂಡದ್ದೇ ಕಡಿಮೆ. ಕಾಫಿಯನ್ನೂ ನಿಂತೇ ಕುಡಿದು, ಅರ್ಧ ಲೋಟ ಎಲ್ಲೋ ಇಟ್ಟು ಮರೆಯುತ್ತಿದ್ದರು. ಎನ್.ಆರ್. ಕಾಲೋನಿಯ ಮನೆಯಿಂದ ನಡೆದೇ ಬರುತ್ತಿದ್ದರು. ಆಟೋದಲ್ಲಾದರೆ ಸುಮ್ಮನೆ ಕೂರಬೇಕಲ್ಲ.

ಅವರಿಗೆ ಹೆಸರು ತಂದದ್ದು ಚಿಕ್ಕ ವಯಸ್ಸಿನಲ್ಲಿ ತೆಗೆದ ಒಂದು ಗ್ರಾಫ್. ಗಾಳಿ ಅಲಗಿನ ಬೆನ್ನನ್ನು ಎಲ್ಲಿ ಬಿಡುತ್ತದೆಂದು ತೋರಿಸುವ ಅದನ್ನು ತರಗತಿಯಲ್ಲಿ ಆಗಲೂ ಹೇಳಿಕೊಡುತ್ತಿದ್ದರು. ಆದರೆ ತೆಗೆದದ್ದು ನಯವಾದ ಗಾಳಿಯಲ್ಲಿ. ನಿಜವಾದ ಟರ್ಬೈನಿನಲ್ಲಿ ಒಂದು ಸಾಲು ಅಲಗು ದಾಟಿ ಕಲಕಿದ ಗಾಳಿಯೇ ಮುಂದಿನ ಸಾಲಿಗೆ ಬಡಿಯುತ್ತದೆ. ನಿವೃತ್ತಿ ಹತ್ತಿರ ಬಂದಾಗ, ಸುರಂಗ ಬಿಚ್ಚಿ ಅಲ್ಲಿ ಕಂಪ್ಯೂಟರ್ ಇಡುತ್ತಾರೆಂದು ತಿಳಿಯಿತು.

"ಕಲಕಿದ ಗಾಳೀಲಿ ನನ್ನ ಗ್ರಾಫ್ ನಿಲ್ಲತ್ತಾ ಇಲ್ವಾ, ನೋಡ್ದೇನೇ ಹೋಗ್ಬೇಕಾ?" ಎಂದರು.

ಗಾಳಿ ಕಲಕಲು ಅಲಗಿನ ಎದುರಿಗೆ ಚೌಕ ತೂತುಗಳ ಜಾಲರಿ ಬೇಕು. ಆರ್ಡರ್ ಕೊಟ್ಟರೆ, ಅದು ಬರುವಷ್ಟರಲ್ಲಿ ಸುರಂಗವೇ ಇರುವುದಿಲ್ಲ. ಮರುದಿನ ನನ್ನನ್ನು ಎಳೆದುಕೊಂಡು ಚಾಮರಾಜಪೇಟೆಯಲ್ಲಿ ಬಿದಿರು ಹೆಣೆಯುವವನ ಅಂಗಡಿಗೆ ಹೋದರು.

"ಏನಮ್ಮಾ, ಹಪ್ಪಳ ಒಣಗಿಸೋಕಾ?" ಅಂಗಡಿಯವನು ಕೇಳಿದ.

"ಅಲ್ಲಪ್ಪಾ, ಗಾಳಿ ಕೆಡಿಸೋಕೆ."

"ಇಷ್ಟು ದೊಡ್ಡ ತೂತಾ? ಹಪ್ಪಳ ಎಲ್ಲಾ ಕೆಳಗೆ ಬಿದ್ದೋಗತ್ತೆ."

"ಬೀಳ್ಲಿ ಬಿಡು. ತೂತು ಮಾತ್ರ ಎಲ್ಲಾ ಒಂದೇ ಅಳತೆ ಇರ್ಬೇಕು."

ಅವನು ಹೆಣೆದು ಮುಗಿಸುವ ತನಕ ಫುಟ್‌ಪಾತಿನಲ್ಲಿ ಶತಪಥ ಹಾಕಿದರು.

ಸುರಂಗದಲ್ಲಿ ಅಲಗಿನ ಎದುರಿಗೆ ಆ ಬಿದಿರ ತಟ್ಟಿ ಕಟ್ಟಿ ಗಾಳಿ ಬಿಟ್ಟೆವು. ಅಲಗಿನ ಹಿಂಭಾಗದಲ್ಲಿ ಒದ್ದಾಡಬೇಕಿದ್ದ ದಾರಗಳು ತೆಪ್ಪಗೆ ಮಲಗಿದವು. ತಟ್ಟಿ ತೆಗೆದೆವು, ಎದ್ದವು. ಮತ್ತೆ ಕಟ್ಟಿದೆವು, ಮಲಗಿದವು. ಕಲಕಿದ ಗಾಳಿ ಎಂದರೆ ನಷ್ಟವೇ ಎಂದು ಅವರು ಜೀವಮಾನವಿಡೀ ಪಾಠ ಹೇಳಿದ್ದರು. ಅದೇ ಗಾಳಿ ಇಲ್ಲಿ ಅಲಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿತ್ತು. ಏನಿದ್ದರೂ ಬರೆದಿಟ್ಟುಕೊಳ್ಳುವ ನಾನು ತಲೆ ಎತ್ತದೆ ಗುರುತು ಹಾಕುತ್ತಲೇ ಇದ್ದೆ.

"ಯಾಕಮ್ಮಾ ಮುಖ ಹಂಗೆ ಮಾಡ್ಕೊಂಡಿದೀಯ? ಸತ್ತಿದ್ದು ಗ್ರಾಫು, ನಾನಲ್ಲ. ವೇಗ ಜಾಸ್ತಿ ಮಾಡು."

ವೇಗ ಏರಿಸಿದಂತೆ ಆ ಲಾಭ ಕರಗಿ, ದಾರಗಳು ಹಳೆಯ ಗ್ರಾಫ್ ಹೇಳಿದಲ್ಲೇ ಏಳತೊಡಗಿದವು. ತಾವು ಎಲ್ಲಿಯವರೆಗೆ ತಪ್ಪು, ಎಲ್ಲಿಂದಾಚೆ ಸರಿ ಎಂಬುದು ಸಿಗುವ ತನಕ ಅವರು ಬಿಡಲಿಲ್ಲ. ಅದಾದ ವಾರವೇ ಸುರಂಗ ಬಿಚ್ಚಿದರು.

ಲೇಖನ ಬರೆದಾಗ ಹಳೆಯ ಗ್ರಾಫಿನ ತಪ್ಪನ್ನು ನಾನು ಕೊನೆಯ ಪ್ಯಾರಾದಲ್ಲಿ ಮೆತ್ತಗೆ ಇಟ್ಟಿದ್ದೆ. ಕರಡು ಒಯ್ದು ತೋರಿಸಿದಾಗ ಅವರು ಆಸ್ಪತ್ರೆಯಲ್ಲಿದ್ದರು; ಹೊದಿಕೆಯೊಳಗೆ ಪಾದಗಳು ಅಲುಗುತ್ತಲೇ ಇದ್ದವು.

"ಕೊನೇಲಿ ಹಾಕಿದ್ರೆ ಯಾರು ಓದ್ತಾರೆ? ಮೊದಲನೇ ಸಾಲಲ್ಲಿ ಹಾಕು. ನನ್ನ ಹೆಸರು ಹಾಕಿ ಹೇಳು."

ಲೇಖನಕ್ಕೆ ಒಪ್ಪಿಗೆ ಬರುವ ಮೊದಲೇ ತೀರಿಕೊಂಡರು. ಹೋದವರ ತಪ್ಪನ್ನು ಮೊದಲ ಸಾಲಿನಲ್ಲೇ ಎತ್ತುವುದು ಸರಿಯಲ್ಲ, ಮೃದುಗೊಳಿಸಿ ಎಂದು ಪತ್ರಿಕೆಯ ಪರವಾಗಿ ಲೇಖನ ಪರಿಶೀಲಿಸಿದವರೊಬ್ಬರು ಬರೆದರು. ಆ ಸಾಲನ್ನು ಅಳಿಸಿದೆ, ಮತ್ತೆ ಬರೆದೆ, ಮತ್ತೆ ಅಳಿಸಿದೆ. ಕೊನೆಗೆ ಅವರು ಹೇಳಿದಂತೆಯೇ ಕಳುಹಿಸಿದೆ. ಅಚ್ಚಾಗಿ ಬಂದ ಲೇಖನ ಅವರ ಹೆಸರು ಮತ್ತು ಅವರ ತಪ್ಪಿನಿಂದಲೇ ಶುರುವಾಗುತ್ತದೆ.