ಅಪ್ಪನ ಫ್ಯಾನಿನ ಸಪ್ಪಳ

ನಮ್ಮ ರಿಪೇರಿ ತಾತನ ಬಿಳಿ ಮೀಸೆ ಮೂಗಿನ ಕೆಳಗೆ ಮಾತ್ರ ಸದಾ ಕೆಂಪಗಿರುತ್ತಿತ್ತು. ಅದು ಧೂಳು. ಹೊಸಪೇಟೆಯ ಆ ಗೂಡಿನಂಥ ಅಂಗಡಿಯಲ್ಲಿ ಹಳೆಯ ಫ್ಯಾನು, ಮಿಕ್ಸಿಗಳನ್ನು ಬಿಚ್ಚಿ, ಒಳಗಿನ ಧೂಳನ್ನು ಬಾಯಿಂದಲೇ ಊದುತ್ತಿದ್ದರು. ಬ್ಲೋವರ್ ತಗೊಳ್ಳಿ ಎಂದು ನಾನು ಗದರಿದ್ದಕ್ಕೆ ಲೆಕ್ಕವಿಲ್ಲ.

“ಊದಿದ್ರ ಊರು ಗೊತ್ತಾಗತೈತವ್ವಾ. ಸಂಡೂರಿಂದು ಕಬ್ಬಿಣದ ರುಚಿ, ಕಂಪ್ಲಿ ಮಿಲ್ಲಿಂದು ತೌಡಿನ ವಾಸ್ನಿ,” ಎಂದು ಕೆಮ್ಮುತ್ತಲೇ ನಗುತ್ತಿದ್ದರು.

ಅಪ್ಪ ಸಂಡೂರಿನ ಗಣಿಯಲ್ಲಿದ್ದಾಗ ಕೊಂಡ ಟೇಬಲ್ ಫ್ಯಾನು ನಮ್ಮದು. ತಿರುಗುವಾಗ ಟಕ್ ಟಕ್ ಎನ್ನುತ್ತಿತ್ತು. ಅಪ್ಪ ತೀರಿಕೊಂಡ ವರ್ಷ ಅದನ್ನು ತಾತನಿಗೆ ಕೊಟ್ಟೆ. ಸಪ್ಪಳವೇ ಇಲ್ಲದಂತೆ ಮಾಡಿಕೊಟ್ಟರು. ನನಗೆ ಖುಷಿ. ಅಮ್ಮ ಮಾತ್ರ ಮೂರು ದಿನ ರೆಪ್ಪೆ ಮುಚ್ಚಲಿಲ್ಲ. ಅಪ್ಪನ ಪಕ್ಕ ಆ ಸಪ್ಪಳದಲ್ಲೇ ಅಷ್ಟು ವರ್ಷ ನಿದ್ದೆ ಮಾಡಿದವಳು.

ನಾಚಿಕೆ ಬಿಟ್ಟು ಹೋಗಿ ಹೇಳಿದೆ. “ಚಲೋ ಆಗಿದ್ದನ್ನ ಕೆಡಸು ಅಂತೀಯಲ್ಲವ್ವಾ!” ಎಂದು ತಾತ ರೇಗಿದರು. ಆಮೇಲೆ ಏನನ್ನಿಸಿತೋ, ಅಂಗಡಿಗೆ ಬೀಗ ಹಾಕಿ ನನ್ನ ಜೊತೆಗೇ ಬಂದರು. ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಕೂತು, ಒಂದು ಸ್ಕ್ರೂ ಸಡಿಲಿಸಿ, “ಹಿಂಗೇನು ತಂಗೀ?” ಎಂದು ಕೇಳುವರು. ಅಮ್ಮ ಅಲ್ಲವೆಂದು ತಲೆಯಾಡಿಸುವಳು. ಮತ್ತೆ ಕಾಲು ಸುತ್ತು. ಹೀಗೇ ಎರಡು ತಾಸು. ಕೊನೆಗೆ ಅಮ್ಮ, “ಹ್ಞೂಂ, ಇದಾ ನೋಡಣ್ಣಾ,” ಎಂದವಳೇ ಅತ್ತುಬಿಟ್ಟಳು. ತಾತ ಕನ್ನಡಕ ಒರೆಸಿಕೊಂಡು, ಕೂಲಿ ಮುಟ್ಟದೆ ಹೋದರು.

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಎದೆ ತುಂಬ ಧೂಳು ಎಂದರಂತೆ ಡಾಕ್ಟರು. ಅದರಲ್ಲಿ ನಮ್ಮ ಮನೆಯದೂ ಒಂದಿಷ್ಟು ಇದ್ದಿರಬೇಕು. ಹಾಸಿಗೆ ಹಿಡಿದ ಅಮ್ಮನಿಗೆ ವಿಷಯ ಹೇಳುವ ಧೈರ್ಯ ನನಗೆ ಬರಲಿಲ್ಲ.

ಈ ವರ್ಷ ಫ್ಯಾನು ನಿಂತಿತು. ಬೇರೆ ಅಂಗಡಿಯವರು ಬಿಚ್ಚಿ, ಎಣ್ಣೆ ಹಾಕಿ, ಎಲ್ಲ ಸ್ಕ್ರೂ ಬಿಗಿದು ಚೆನ್ನಾಗಿಯೇ ಮಾಡಿಕೊಟ್ಟರು. ಸಪ್ಪಳ ಹೋಯಿತು. ತಾತ ಸಡಿಲಿಸಿದ್ದು ಯಾವ ಸ್ಕ್ರೂ ಎಂದು ನನಗೆ ಗೊತ್ತಿಲ್ಲ. ಅವತ್ತು ನಾನು ಅಮ್ಮನ ಮುಖ ನೋಡುತ್ತ ನಿಂತಿದ್ದೆ, ಅವರ ಕೈ ನೋಡಲಿಲ್ಲ.

ನಿನ್ನೆ ಮಧ್ಯಾಹ್ನ ಅಮ್ಮನಿಗೆ ಫ್ಯಾನು ಹಚ್ಚಿದೆ. ಗಾಳಿಗೆ ಅವಳ ನೆರೆಗೂದಲು ಹಾರುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಅಂದಳು: “ಸಪ್ಪಳ ಇಲ್ಲಲ್ಲವ್ವಾ. ಆ ಅಣ್ಣನ್ನ ಒಂದೀಟು ಕರಕೊಂಡು ಬಾ.”