ಗೋಡೆಯಾಚೆ ಮಿಂದ ಮಗು

ಊರಿನಲ್ಲಿ ನೆರೆಕರೆಯ ಎಷ್ಟೋ ಮಕ್ಕಳನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದವಳು ನಾನು. ಓದಿದ್ದು ಕಡಿಮೆ, ಈ ಕೆಲಸ ಮಾತ್ರ ಕೈಗೆ ಚೆನ್ನಾಗಿ ಗೊತ್ತು. ಮಗಳು ಬಸುರಿ ಎಂದು ಕೊಲ್ಕತ್ತಾದಿಂದ ಫೋನು ಬಂದಾಗ ನನ್ನ ಸಂತೋಷ ಮೊದಲು ಹೋಗಿ ಕುಳಿತದ್ದು ಬಚ್ಚಲಿನಲ್ಲಿ. ಕೊರೊನಾದ ಕಾಲ, ಅವಳನ್ನು ಊರಿಗೆ ಕರೆತರುವಂತಿರಲಿಲ್ಲ. ತೆಂಗಿನೆಣ್ಣೆ, ಬಾಣಂತಿ ಮದ್ದು, ಮೆತ್ತಗಾದ ಹಳೆ ಸೀರೆ ಎಲ್ಲ ಕಟ್ಟಿಕೊಂಡು ಬಾಣಂತನಕ್ಕೆ ನಾನೇ ಕೊಲ್ಕತ್ತಾ ಪಕ್ಕದ ಬಾರಾನಗರದ ಅವರ ಫ್ಲ್ಯಾಟಿಗೆ ಹೋದೆ. ಅಳಿಯಂದಿರಿಗೆ ಅಲ್ಲಿ ಬ್ಯಾಂಕಿನಲ್ಲಿ ಕೆಲಸ.

ಒಂಬತ್ತು ತುಂಬುವ ಮೊದಲೇ ಮಗಳಿಗೆ ಜ್ವರ ಬಂತು. ಪರೀಕ್ಷೆಯಲ್ಲಿ ಕೊರೊನಾ ಎಂದಾಯಿತು. ಆಸ್ಪತ್ರೆಗೆ ಹೊರಟು ಮೆಟ್ಟಿಲು ಇಳಿಯುವಾಗಲೇ ಏದುಸಿರು. ತಾಯಿಯ ಉಸಿರು ಸಾಲುತ್ತಿಲ್ಲ ಎಂದು ಡಾಕ್ಟರು ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಬೆಕ್ಕಿನ ಮರಿಯಷ್ಟೇ ಇದೆ ಎಂದರು ಅಳಿಯಂದಿರು. ಮಗುವಿಗೆ ಕೊರೊನಾ ಇರಲಿಲ್ಲ. ಆದರೆ ಬೇಗ ಹುಟ್ಟಿದ್ದಕ್ಕೆ ಉಸಿರಿಗೆ ಕಷ್ಟಪಡುತ್ತಿತ್ತು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ತಾಯಿ ಒಂದು ಮಹಡಿಯಲ್ಲಿ, ಮಗು ಇನ್ನೊಂದರಲ್ಲಿ. ಮಗಳು ಹಾಲು ಹಿಂಡಿ ಕಳಿಸುತ್ತಿದ್ದಳು.

"ಹಾಲಿನಿಂದ ತಾಗುವುದಿಲ್ವಾ?" ಎಂದು ಫೋನಿನಲ್ಲಿ ಕೇಳಿದೆ.

"ಇಲ್ವಂತೆ ಅಮ್ಮ, ಅದೇ ಒಳ್ಳೇದಂತೆ. ಅದ್ರ ಮುಖ ಹೇಗುಂಟು ಅಂತ ಮಾತ್ರ ನಂಗೆ ಸರಿ ಗೊತ್ತಿಲ್ಲ."

ಹೆತ್ತವಳ ಬಾಯಿಂದ ಬಂದ ಆ ಮಾತು ಈಗಲೂ ನನ್ನೊಳಗೆ ಹಾಗೇ ಉಂಟು.

ಮಗು ಪೆಟ್ಟಿಗೆಯಿಂದ ಹೊರಗೆ ಬರುವ ಹೊತ್ತಿಗೆ ಸರಿಯಾಗಿ ನನಗೂ ಜ್ವರ. ಒಳಕೋಣೆಗೆ ಸೇರಿ ಬಾಗಿಲು ಹಾಕಿಕೊಂಡೆ. ಮಗಳು ಚೇತರಿಸಿಕೊಂಡು ಮಗುವಿನೊಂದಿಗೆ ಮನೆಗೆ ಬಂದ ದಿನ ಕೆಳಗಿನ ಮನೆಯ ಬಂಗಾಳಿ ಅಮ್ಮ ಶುಭಕ್ಕೆಂದು ತಮ್ಮ ಬಾಲ್ಕನಿಯಿಂದಲೇ ಶಂಖ ಊದಿದರು. ಮಗು ಬಂತೆಂದು ನನಗೆ ತಿಳಿದದ್ದು ಆ ಸದ್ದಿನಿಂದ.

ಹೊಲಿಗೆಯ ನೋವಿಗೆ ಮಗಳಿಗೆ ಬಗ್ಗಲಾಗದು. ಹೊಕ್ಕುಳು ಬಿದ್ದ ಮೇಲೆ ಮೀಯಿಸುವ ಕೆಲಸ ಅಳಿಯಂದಿರ ಪಾಲಿಗೆ ಬಂತು. ವಿಡಿಯೋ ಕಾಲ್ ಮಾಡಿ ಫೋನನ್ನು ಬಕೆಟಿಗೆ ಒರಗಿಸಿ, ಲುಂಗಿ ಎತ್ತಿ ಕಟ್ಟಿ, ಮಣೆಯ ಮೇಲೆ ಕಾಲು ಚಾಚಿ ಕುಳಿತರು. ಗೋಡೆಯ ಈಚೆ ನಾನು, ಕೈಯಲ್ಲಿ ಇನ್ನೊಂದು ಫೋನು.

"ಕಾಲು ಅಷ್ಟು ಅಗಲ ಬೇಡ ಮಾರಾಯ್ರೆ, ಮಗು ನಡುವೆ ಜಾರ್ತದೆ!"

"ಅತ್ತೆ, ನೀವು ಕಿರುಚ್ಬೇಡಿ. ನಂಗೆ ಹೆದ್ರಿಕೆ ಆಗ್ತದೆ."

"ಕತ್ತಿನ ಕೆಳಗೆ ಕೈ ಕೊಡಿ. ನೀರು ಮುಟ್ಟಿ ನೋಡಿದ್ರಾ?"

"ನೋಡಿದೆ. ಡಾಕ್ಟರು ಹೇಳಿದಷ್ಟೇ ಬಿಸಿ. ನಿಮ್ಮ ಊರಿನ ಹಬೆಯಾಡುವ ನೀರೆಲ್ಲ ಬೇಡ ಅಂದಿದ್ದಾರೆ."

ಮಾಸ್ಕ್ ಹಾಕಿ ಬಚ್ಚಲ ಬಾಗಿಲಲ್ಲಿ ನಿಂತಿದ್ದ ಮಗಳು ನಕ್ಕಳು. "ಬ್ಯಾಂಕಲ್ಲಿ ಇವರಿಗೆ ಇಷ್ಟು ಜೋರು ಮಾಡುವವರು ಯಾರೂ ಇಲ್ಲ ಅಮ್ಮ."

ನೀರಿನ ಸದ್ದು ಗೋಡೆಯಿಂದ ಮೊದಲು ಬರುತ್ತಿತ್ತು, ಫೋನಿನಲ್ಲಿ ಆಮೇಲೆ. ಮಗು ಅತ್ತರೂ ಹಾಗೇ, ಎರಡೆರಡು ಸಲ. ನಾನೂ ಹಾಸಿಗೆಯ ಮೇಲೆ ಕಾಲು ಚಾಚಿಯೇ ಕುಳಿತಿದ್ದೆ. ಖಾಲಿ ಕಾಲು. ನನಗೇ ಗೊತ್ತಿಲ್ಲದೆ ಕೈ ಅದರ ಮೇಲೆ ಎಣ್ಣೆ ಸವರುವ ಹಾಗೆ ಆಡುತ್ತಿತ್ತು.

ನಾನು ಹೊರಗೆ ಬರುವಾಗ ಮಗು ಕೆನ್ನೆ ತುಂಬಿಕೊಂಡಿತ್ತು. ಎತ್ತಿಕೊಂಡರೆ ಅಳು ನಗು ಎರಡೂ ಒಟ್ಟಿಗೆ ಬಂತು. ಇನ್ನು ಉಸಿರಿಗೆ ಏನೂ ತೊಂದರೆ ಇಲ್ಲವೆಂದು ಡಾಕ್ಟರು ಹೇಳಿದ ಮೇಲೆ ಕಾಳಿಘಾಟಿನ ಕಾಳಿ ಗುಡಿಗೆ ಹೋಗಿ ಕೆಂಪು ದಾಸವಾಳದ ಮಾಲೆ ಕೊಟ್ಟು ಬಂದೆ. ಇದಕ್ಕಿಂತ ಹೆಚ್ಚು ಕೇಳಿದರೆ ದೇವಿ ಬೈದಾಳು. ಆದರೂ ಬೆಕ್ಕಿನ ಮರಿಯಂಥ ಆ ಮೊದಲ ದಿನಗಳ ಮೈಯನ್ನು ನಾನು ಮುಟ್ಟಲೇ ಇಲ್ಲ. ಊರವರ ಮಕ್ಕಳ ಎಳೆ ಮೈ ನನ್ನ ಕೈಗೆ ನೆನಪುಂಟು, ಇವಳದ್ದು ಇಲ್ಲ. ಮಗಳ ಸಂಕಟ ಇನ್ನೂ ದೊಡ್ಡದು. ಆಗಿನ ಫೋಟೋಗಳಲ್ಲಿ ಮಾಸ್ಕಿನಿಂದಾಗಿ ತನ್ನ ಮುಖ ಅರ್ಧವೇ ಎಂದು ಅವುಗಳನ್ನು ತೆಗೆದು ನೋಡುವುದೇ ಇಲ್ಲ.

ಈಗ ಮೊಮ್ಮಗಳು ಶಾಲೆಗೆ ಹೋಗುತ್ತಾಳೆ, ಮಹಡಿ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಾಳೆ! ಈ ಸಲ ಊರಿಗೆ ಬಂದಾಗ ನಾನು ಎಣ್ಣೆ ಬಟ್ಟಲು ಹಿಡಿದು ಹೋದರೆ, ಬಚ್ಚಲಿನ ಬಾಗಿಲು ಹಾಕಿಕೊಂಡಳು.

"ಅಮ್ಮಮ್ಮ, ನಾನು ಬೇಬಿ ಅಲ್ಲ!"

ಮತ್ತೆ ನಾನು ಹೊರಗೆ. "ಕಿವಿಯ ಹಿಂದೆ ತೊಳಿ ಮಗಾ," ಎಂದೆ.

"ಹೋಯೇ ಗೆಛೇ!" ಆಯಿತು ಎಂದು ಬಂಗಾಳಿಯಲ್ಲಿ ಕೂಗಿದಳು.

ನೀರಿನ ಸದ್ದು ಕೇಳುತ್ತ ಅಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಬಾಗಿಲು ಒಂದಿಷ್ಟು ತೆರೆಯಿತು.

"ಅಮ್ಮಮ್ಮ, ಬೆನ್ನಿಗೆ ನನ್ನ ಕೈ ಬರೋದಿಲ್ಲ. ನೀನು ಬಾ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದೆ.